ನಲ್ಲಿಗೆ ಹಗ್ಗವಿಲ್ಲ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣ. ಕೇಳುಗರ ಕೋರಿಕೆಯ ಮೇರೆಗೆ ಇಲ್ಲಿ ಅಚ್ಚಾಗಿದೆ.)



ದಿನವೂ ನಿಮಗೆ ಹಾಡು ಕೇಳಿಸುವವಳು, ಸಮಯ ಹೇಳುವವಳು, ನಿಮ್ಮ ಪತ್ರಗಳನ್ನು ಓದುವವಳು ನಾನು. ಇಂದು ಹಾಡು ಸ್ವಲ್ಪ ಹೊತ್ತು ಪಕ್ಕಕ್ಕಿರಲಿ. ನಿಮ್ಮ ಮುಂದೆ ಒಂದು ತಪ್ಪು ಒಪ್ಪಿಕೊಳ್ಳುವುದಿದೆ. ಅದನ್ನು ಹೇಳಿಬಿಟ್ಟರೆ ಮನಸ್ಸು ಹಗುರವಾಗುತ್ತದೆ. ನಿಮ್ಮಲ್ಲಿ ಕೆಲವರಿಗೆ "ಅಯ್ಯೋ, ನಮ್ಮ ಮನೆಯಲ್ಲೂ ಹೀಗೇ" ಅನ್ನಿಸಿದರೂ ಅನ್ನಿಸೀತು.

ಮಾರ್ಚ್ 22 ವಿಶ್ವ ಜಲ ದಿನ. 1993ರಿಂದ ವಿಶ್ವಸಂಸ್ಥೆ ಈ ದಿನವನ್ನು ಆಚರಿಸುತ್ತಾ ಬಂದಿದೆ. ಆ ದಿನ ನಾನೂ ಇದೇ ಮೈಕಿನ ಮುಂದೆ ಕುಳಿತು ನಿಮಗೆ ಬುದ್ಧಿ ಹೇಳಿದ್ದೆ. ನೀರು ಅಮೂಲ್ಯ, ಹನಿ ಹನಿಯನ್ನೂ ಉಳಿಸಿ, ಮುಂದಿನ ಪೀಳಿಗೆಯನ್ನು ನೆನೆಯಿರಿ, ಇತ್ಯಾದಿ ಇತ್ಯಾದಿ. ದನಿಯಲ್ಲಿ ಒಂದಿಷ್ಟು ಗಾಂಭೀರ್ಯವನ್ನೂ ತುಂಬಿದ್ದೆ. "ಬಹಳ ಚೆನ್ನಾಗಿ ಹೇಳಿದಿರಿ" ಎಂದು ಇಬ್ಬರು ಕೇಳುಗರು ಫೋನು ಸಹ ಮಾಡಿದರು. ಅದೇ ಖುಷಿಯಲ್ಲಿ ಲೋಕಲ್ ಹತ್ತಿ ಮನೆಗೆ ಬಂದೆ.

ಬಚ್ಚಲುಮನೆಯ ಬಾಗಿಲು ತೆರೆದರೆ ನಲ್ಲಿ ಸೋರುತ್ತಿತ್ತು. ಅದು ಆ ದಿನ ಶುರುವಾದ ಸೋರಿಕೆಯಲ್ಲ. ಮೊದಲು ತೊಟ ತೊಟ ಎನ್ನುತ್ತಿದ್ದದ್ದು, ಆಮೇಲೆ ನೂಲಿನಂಥ ಒಂದು ಸಣ್ಣ ಧಾರೆಯಾಗಿ, ಆರು ವಾರಗಳಿಂದ ಹಾಗೇ ಹರಿಯುತ್ತಿತ್ತು. ಕೆಳಗೊಂದು ಬಕೆಟ್ ಇಟ್ಟಿದ್ದೆವು. ಬಕೆಟ್ ಇಟ್ಟ ಕೂಡಲೇ ನಮ್ಮ ಜವಾಬ್ದಾರಿ ಮುಗಿಯಿತು ಎಂಬ ಸಮಾಧಾನ. ಆದರೆ ಬಕೆಟ್ ತುಂಬಿದ ಮೇಲೆ ನೀರು ಹೋಗುವುದು ಮೋರಿಗೇ ಅಲ್ಲವೇ? ಪ್ಲಂಬರಿಗೆ ಹೇಳಿ ಎಂದು ನಾನು ನಮ್ಮವರಿಗೆ ಹೇಳುವುದು, ನೀನೇ ಒಂದು ಫೋನು ಮಾಡಬಾರದೇ ಎಂದು ಅವರು ನನಗೆ ಹೇಳುವುದು, ಭಾನುವಾರ ನೋಡೋಣ ಎಂದು ಇಬ್ಬರೂ ಮಲಗುವುದು. ಹೀಗೆ ಆರು ಭಾನುವಾರಗಳು ಕಳೆದಿದ್ದವು. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆಯನ್ನು ಬಿ.ಎ. ತರಗತಿಯಲ್ಲಿ ನಾನು ವಿಸ್ತರಿಸಿ ಬರೆದವಳು. ಅದು ನನಗೇ ಇಷ್ಟು ಚೆನ್ನಾಗಿ ಒಪ್ಪುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ನಮ್ಮ ಮನೆಗೆಲಸಕ್ಕೆ ಬರುವ ಅಕ್ಕ ಬಂದರು. ಕಲಬುರಗಿ ಕಡೆಯವರು. ಊರಿನಲ್ಲಿ ಮಳೆ ಕೈಕೊಟ್ಟ ವರ್ಷ ಗಂಡನೊಡನೆ ಮುಂಬಯಿಗೆ ಬಂದವರು, ಇಲ್ಲೇ ಉಳಿದರು. ನಮ್ಮ ಕರಾವಳಿಯ ಮಾತು ಅವರಿಗೆ ನಗು ತರಿಸುತ್ತದೆ, ಅವರ ಮಾತು ನನ್ನ ಕಿವಿಗೆ ಹಾಡಿನ ಹಾಗೆ. ಬಚ್ಚಲು ತೊಳೆಯಲು ಹೋದವರು ತುಂಬಿ ಹರಿಯುತ್ತಿದ್ದ ಬಕೆಟಿನ ಮುಂದೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ಕೇಳಿದರು:

"ಅಕ್ಕಾರ, ಈ ನಳ ರಾತ್ರಿ ಎಲ್ಲಾ ಹಿಂಗೇ ಸೋರತದೇನ್ರಿ?"

"ಹೌದು ಅಕ್ಕಾ, ರಿಪೇರಿ ಮಾಡಿಸಬೇಕು" ಎಂದೆ.

"ನಮ್ಮ ಓಣ್ಯಾಗ ಇಷ್ಟ ನೀರಿಗಿ ಜಗಳ ಆಗ್ತಾವ್ರಿ" ಎಂದರು. ಅಷ್ಟೇ. ಬೈಯಲಿಲ್ಲ, ಬೇಸರವನ್ನೂ ತೋರಲಿಲ್ಲ. ಪೊರಕೆ ಎತ್ತಿಕೊಂಡು ಕೆಲಸ ಶುರು ಮಾಡಿದರು.

ಅವರ ಓಣಿಯಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ ನೀರು ಬರುತ್ತದೆ. ಒಂದು ಗಂಟೆ ಇರುತ್ತದೆ, ಕೆಲವು ದಿನ ಅದೂ ಇಲ್ಲ. ಒಂದು ನಲ್ಲಿಗೆ ಹನ್ನೆರಡು ಮನೆ. ಸರದಿ ತಪ್ಪಿದರೆ ಆ ದಿನದ ಅಡುಗೆಗೆ, ಸ್ನಾನಕ್ಕೆ, ಮಗಳು ಶಾಲೆಗೆ ಹೋಗುವ ಹೊತ್ತಿಗೆ ಎಲ್ಲದಕ್ಕೂ ತೊಂದರೆ. ಇದನ್ನೆಲ್ಲ ನಾನು ಕೇಳಿ ತಿಳಿದದ್ದು ಆ ದಿನವೇ. ಎರಡು ವರ್ಷಗಳಿಂದ ಅವರು ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾರೆ. ನಿಮ್ಮಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ನಾನು ಒಂದು ದಿನವೂ ಕೇಳಿರಲಿಲ್ಲ.

ಅವರು ಹೋದ ಮೇಲೆ ನಾನೊಂದು ಕೆಲಸ ಮಾಡಿದೆ. ಒಂದು ಲೀಟರಿನ ಬಾಟಲಿಯನ್ನು ಆ ಧಾರೆಯ ಕೆಳಗೆ ಹಿಡಿದು ಗಡಿಯಾರ ನೋಡಿದೆ. ಸಮಯ ನೋಡುವುದು ನನ್ನ ವೃತ್ತಿಯೇ ತಾನೇ! ಇಪ್ಪತ್ತು ನಿಮಿಷಕ್ಕೆ ಬಾಟಲಿ ತುಂಬಿತು. ಗಂಟೆಗೆ ಮೂರು ಲೀಟರ್. ದಿನಕ್ಕೆ 72 ಲೀಟರ್. ಆರು ವಾರ ಎಂದರೆ 42 ದಿನ. ಒಟ್ಟು ಮೂರು ಸಾವಿರ ಲೀಟರಿಗೂ ಸ್ವಲ್ಪ ಹೆಚ್ಚು.

ಮೂರು ಸಾವಿರ ಲೀಟರ್ ಎಂದರೆ ಎಷ್ಟು? 2019ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ಘೋಷಿಸಿದ ಜಲ ಜೀವನ್ ಮಿಷನ್ ಯೋಜನೆಯಲ್ಲಿ ಹಳ್ಳಿಯ ಒಬ್ಬ ವ್ಯಕ್ತಿಗೆ ದಿನಕ್ಕೆ 55 ಲೀಟರ್ ನೀರು ಕೊಡಬೇಕೆಂಬುದು ಗುರಿ. ನೆನಪಿಡಿ, ಕುಡಿಯಲು, ಅಡುಗೆಗೆ, ಸ್ನಾನಕ್ಕೆ, ಬಟ್ಟೆಗೆ ಎಲ್ಲ ಸೇರಿ 55 ಲೀಟರ್. ಆ ಲೆಕ್ಕದಲ್ಲಿ ನಮ್ಮ ಬಚ್ಚಲಿನ ನಲ್ಲಿಯಿಂದ 55 ಜನರ ಒಂದು ದಿನದ ನೀರು ಮೋರಿ ಸೇರಿತ್ತು. ಹನಿ ಹನಿಗೂಡಿದರೆ ಹಳ್ಳ ಎಂದು ಚಿಕ್ಕಂದಿನಿಂದ ಹೇಳುತ್ತಾ ಬಂದಿದ್ದೇವೆ. ಹನಿ ಹನಿಯಾಗಿ ಹಳ್ಳ ಬತ್ತುವುದೂ ಹೀಗೆಯೇ ಎಂದು ಆ ದಿನ ಬಾಟಲಿ ಹಿಡಿದಾಗ ಗೊತ್ತಾಯಿತು.

ಕೇಳುಗರೇ, ಆ ರಾತ್ರಿ ನನಗೆ ನೆನಪಾದವಳು ನನ್ನ ಅಜ್ಜಿ.

ಅಜ್ಜಿಯ ಮನೆ ಕುಂದಾಪುರದ ಕಡೆ. ಅಂಗಳದ ಬದಿಯಲ್ಲಿ ಕೆಂಪು ಮುರಕಲ್ಲಿನ ಬಾವಿ. ಮೇಲೆ ರಾಟೆ, ಹಗ್ಗ, ಕೊಡಪಾನ. ಬೇಸಗೆ ರಜೆಗೆ ಹೋದಾಗ ಬಚ್ಚಲ ಹಂಡೆಗೆ ನೀರು ತುಂಬುವುದು ಮಕ್ಕಳ ಕೆಲಸ. ಮಳೆಗಾಲದಲ್ಲಿ ಎರಡು ಮಾರು ಹಗ್ಗ ಇಳಿಸಿದರೆ ಕೊಡಪಾನ ನೀರು ಮುಟ್ಟುತ್ತಿತ್ತು. ದೀಪಾವಳಿಯ ಹೊತ್ತಿಗೆ ನಾಲ್ಕು ಮಾರು. ಮೇ ತಿಂಗಳಲ್ಲಿ ಎಂಟು ಮಾರು ಇಳಿಸಿದರೂ ತಳದಲ್ಲಿ ಕೊಡಪಾನ ಕಲ್ಲಿಗೆ ತಾಗಿ ಠಣ್ ಎನ್ನುತ್ತಿತ್ತು. ಆ ಸದ್ದು ಕೇಳಿದ ದಿನದಿಂದ ಮನೆಯಲ್ಲಿ ಯಾರೂ ಹೇಳದೆಯೇ ಎಲ್ಲರ ಸ್ನಾನವೂ ಚಿಕ್ಕದಾಗುತ್ತಿತ್ತು. ಬಚ್ಚಲ ನೀರು ತೆಂಗಿನ ಬುಡಕ್ಕೆ, ಪಾತ್ರೆ ತೊಳೆದ ನೀರು ಬಸಳೆ ಚಪ್ಪರಕ್ಕೆ, ಅಕ್ಕಚ್ಚು ದನಕ್ಕೆ. ಸುಮ್ಮನೆ ಹರಿದುಹೋದ ನೀರೆಂಬುದು ಆ ಮನೆಯಲ್ಲಿ ಇರಲಿಲ್ಲ.

ಒಮ್ಮೆ ನಾನು ಕಾಲು ತೊಳೆಯಲು ಒಂದು ಕೊಡಪಾನ ನೀರನ್ನು ಒಂದೇ ಬಾರಿಗೆ ಸುರಿದುಕೊಂಡೆ. ಜಗಲಿಯಲ್ಲಿ ಕೂತಿದ್ದ ಅಜ್ಜಿ ನೋಡಿ, "ಮಗಾ, ಇನ್ನೊಂದ್ ಕೊಡಪಾನ ನೀನೇ ಎಳಿ. ಎಳ್ದರಿಗೇ ಗೊತ್ತ್ ಅದ್ರ ತೂಕ" ಎಂದಿದ್ದಳು. ಎಳೆದೆ. ಅಂಗೈ ಕೆಂಪಾಯಿತು. ಆ ರಜೆ ಮುಗಿಯುವವರೆಗೆ ನಾನು ಚೊಂಬಿನಲ್ಲೇ ಕಾಲು ತೊಳೆದೆ.

ಈಗ ಯೋಚಿಸಿದರೆ ಅಜ್ಜಿ ನನಗಿಂತ ದೊಡ್ಡ ಪರಿಸರ ಪ್ರೇಮಿ ಎಂದೇನೂ ಅನ್ನಿಸುವುದಿಲ್ಲ. ಆಕೆಯ ಕೈಯಲ್ಲಿ ಹಗ್ಗವಿತ್ತು. ನೀರು ಎಷ್ಟು ಆಳಕ್ಕೆ ಹೋಗಿದೆ ಎಂದು ಹಗ್ಗ ಹೇಳುತ್ತಿತ್ತು, ಎಷ್ಟು ಬಳಸಿದೆ ಎಂದು ತೋಳು ಹೇಳುತ್ತಿತ್ತು. ನಮ್ಮ ನಲ್ಲಿಗೆ ಹಗ್ಗವಿಲ್ಲ. ತಿರುಗಿಸಿದರೆ ಬರುತ್ತದೆ, ತಿರುಗಿಸಿದರೆ ನಿಲ್ಲುತ್ತದೆ. ಆಗಸ್ಟಿನಲ್ಲೂ ಅಷ್ಟೇ ರಭಸ, ಮೇ ತಿಂಗಳಲ್ಲೂ ಅಷ್ಟೇ ರಭಸ. ಭೂಮಿಗೆ ಏನಾಗುತ್ತಿದೆ ಎಂಬ ಸುದ್ದಿ ನಮ್ಮ ಅಂಗೈವರೆಗೆ ಬರುವುದೇ ಇಲ್ಲ. ನಾವು ಕೆಟ್ಟವರಾದದ್ದರಿಂದ ನೀರು ಪೋಲಾಗುತ್ತಿದೆ ಎಂದು ನನಗೆ ಅನ್ನಿಸುವುದಿಲ್ಲ. ನಮಗೆ ಅದರ ತೂಕ ಮರೆತುಹೋಗಿದೆ.

ಹಾಗಾದರೆ ನಮ್ಮ ನಲ್ಲಿಯ ಹಿಂದೆ ಇರುವ ಹಗ್ಗ ಎಷ್ಟು ಉದ್ದ? ಬನ್ನಿ, ಒಮ್ಮೆ ಎಳೆದು ನೋಡೋಣ.

ಮುಂಬಯಿಗೆ ನೀರು ಕೊಡುವುದು ಏಳು ಸರೋವರಗಳು. ತುಳಸಿ ಮತ್ತು ವಿಹಾರ ನಗರದೊಳಗೇ, ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡಿನಲ್ಲಿವೆ. ವಿಹಾರ ತಯಾರಾದದ್ದು 1860ರಲ್ಲಿ. ಅದು ಸಾಲದಾಯಿತು, ತುಳಸಿ ಬಂತು. ಅದೂ ಸಾಲದೆ 1892ರಲ್ಲಿ ತಾನ್ಸಾ ಬಂತು. ಆಮೇಲೆ ವೈತರಣಾ ನದಿಗೆ ಒಂದರ ಹಿಂದೆ ಒಂದರಂತೆ ಮೋಡಕ್ ಸಾಗರ, ಮೇಲಣ ವೈತರಣಾ, ಮಧ್ಯ ವೈತರಣಾ. ಇವುಗಳ ನಡುವೆ ಭಾತ್ಸಾ. ಇಂದು ನಗರದ ನೀರಿನಲ್ಲಿ ಸುಮಾರು ಅರ್ಧ ಪಾಲು ಭಾತ್ಸಾ ಒಂದರದ್ದೇ. ಎಲ್ಲ ಸೇರಿ ಪಾಲಿಕೆ ದಿನಕ್ಕೆ 3,800 ದಶಲಕ್ಷ ಲೀಟರಿಗೂ ಹೆಚ್ಚು ನೀರನ್ನು ಈ ನಗರಕ್ಕೆ ಕೊಡುತ್ತದೆ. ದೂರದ ಸರೋವರಗಳ ನೀರು ನೂರು ಕಿಲೋಮೀಟರಿನ ಆಸುಪಾಸಿನ ದಾರಿಯನ್ನು ಕೊಳವೆ, ಸುರಂಗಗಳಲ್ಲಿ ಕ್ರಮಿಸಿ, ಪಾಂಜರಾಪುರ, ಭಾಂಡುಪ್ ಕೇಂದ್ರಗಳಲ್ಲಿ ಶುದ್ಧವಾಗಿ ನಮ್ಮ ಬಕೆಟಿಗೆ ಬೀಳುತ್ತದೆ. ಮೇ ತಿಂಗಳಲ್ಲಿ ನಾವು ಮುಖ ತೊಳೆಯುವ ನೀರು ಹಿಂದಿನ ಜುಲೈ, ಆಗಸ್ಟಿನಲ್ಲಿ ಅಲ್ಲಿನ ಗುಡ್ಡಗಳ ಮೇಲೆ ಬಿದ್ದ ಮಳೆ. ನಾಲ್ಕು ತಿಂಗಳ ಮಳೆಯನ್ನು ಹನ್ನೆರಡು ತಿಂಗಳು ಉಣ್ಣುವ ಊರು ನಮ್ಮದು.

ನೀವು ನಾಸಿಕಕ್ಕೆ ರೈಲಿನಲ್ಲಿ ಹೋಗಿದ್ದರೆ ಆಸನಗಾಂವ್, ಆಟಗಾಂವ್, ಖರ್ಡಿ, ಕಸಾರಾ ನಿಲ್ದಾಣಗಳನ್ನು ದಾಟಿರುತ್ತೀರಿ. ಅದೇ ಠಾಣೆ ಜಿಲ್ಲೆಯ ಶಹಾಪುರ ತಾಲೂಕು. ನಮ್ಮ ನೀರಿನ ಬಹುಪಾಲು ಆ ತಾಲೂಕಿನಿಂದ, ಅದರ ಸುತ್ತಮುತ್ತಲಿನಿಂದ ಬರುತ್ತದೆ. ಮಳೆಗಾಲದಲ್ಲಿ ಕಿಟಕಿಯಾಚೆ ಎಲ್ಲಿ ನೋಡಿದರೂ ಹಸಿರು, ಜಲಪಾತ. ಆದರೆ ಬೇಸಗೆ ಬಂತೆಂದರೆ ಅದೇ ತಾಲೂಕಿನ ಎಷ್ಟೋ ಹಳ್ಳಿಗಳು, ಆದಿವಾಸಿ ಪಾಡಾಗಳು ಟ್ಯಾಂಕರಿಗಾಗಿ ಕಾಯುತ್ತವೆ. ಟ್ಯಾಂಕರ್ ಬಂದು ಬಾವಿಗೆ ನೀರು ಸುರಿಯುತ್ತದೆ, ಹೆಂಗಸರು ಅದನ್ನು ಹಗ್ಗ ಹಾಕಿ ಸೇದುತ್ತಾರೆ. ಇದು ಯಾವುದೋ ಒಂದು ವರ್ಷದ ಕಥೆಯಲ್ಲ, ಬೇಸಗೆಯಿಂದ ಬೇಸಗೆಗೆ ಪತ್ರಿಕೆಗಳಲ್ಲಿ ಬರುತ್ತಲೇ ಇರುವ ಸುದ್ದಿ. ನಮ್ಮ ನಲ್ಲಿಗೆ ಇಲ್ಲದ ಹಗ್ಗ ಎಲ್ಲಿಗೆ ಹೋಯಿತು ಎಂದು ಹುಡುಕಿದರೆ ಅದು ಅವರ ಕೈಯಲ್ಲಿದೆ.

ಇದು ಮುಂಬಯಿಯ ಮಾತು ಮಾತ್ರವಲ್ಲ. ನಮ್ಮ ನಿಮ್ಮ ಬಂಧುಗಳು ಬೇರೆ ನಗರಗಳಲ್ಲೂ ಇದ್ದಾರೆ. ಚೆನ್ನೈಗೆ ನೀರು ಕೊಡುವ ಜಲಾಶಯಗಳು 2019ರ ಬೇಸಗೆಯಲ್ಲಿ ಬತ್ತಿಹೋದಾಗ ಜುಲೈನಲ್ಲಿ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ತರಬೇಕಾಯಿತು. ಬೆಂಗಳೂರಿಗೆ ಕಾವೇರಿ ನೀರು ಬರುವುದು ಸುಮಾರು ನೂರು ಕಿಲೋಮೀಟರ್ ದೂರದಿಂದ, ಅದೂ ಪಂಪಿನ ಬಲದಿಂದ ಮೇಲಕ್ಕೇರಿ. 2024ರ ಮಾರ್ಚಿನಲ್ಲಿ ಅಲ್ಲಿನ ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದಿತು. ಇನ್ನು ಹೈದರಾಬಾದಿನಲ್ಲಿರುವ ಕನ್ನಡಿಗರು ನೆನೆಯಬೇಕಾದ ಸಂಗತಿಯೊಂದಿದೆ. 1908ರಲ್ಲಿ ಮೂಸಿ ನದಿ ಉಕ್ಕಿ ಆ ನಗರವನ್ನು ಕೊಚ್ಚಿಕೊಂಡು ಹೋದ ಮೇಲೆ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರನ್ನು ಕರೆಸಿ ಸಲಹೆ ಕೇಳಿದರು. ಅವರ ಯೋಜನೆಯ ಫಲವಾಗಿ ಬಂದದ್ದೇ ಉಸ್ಮಾನ್ ಸಾಗರ, ಹಿಮಾಯತ್ ಸಾಗರ. ನೆರೆಯನ್ನು ತಡೆದ ಆ ಕೆರೆಗಳೇ ನಗರಕ್ಕೆ ಕುಡಿಯುವ ನೀರನ್ನೂ ಕೊಟ್ಟವು.

ಬಿ.ಎ. ಓದುವಾಗ ವಿಜಯನಗರ ಕಾಲದ ಲಕ್ಷ್ಮೀಧರಾಮಾತ್ಯನ ಶಾಸನವನ್ನು ನಮಗೆ ಪಾಠ ಮಾಡಿದ್ದರು. ತಾಯಿ ಮಗುವಿಗೆ ಹಾಲೂಡಿಸುತ್ತಾ ಕೆರೆ ಕಟ್ಟಿಸು, ಬಾವಿ ತೋಡಿಸು ಎಂದು ಕಿವಿಯಲ್ಲಿ ಹೇಳುತ್ತಾಳೆ. ಪರೀಕ್ಷೆಗೆ ಓದಿದೆ, ಅಂಕ ಪಡೆದೆ, ಮರೆತೆ. ಇಂದು ಈ ಮಹಾನಗರದ ಎರಡು ಕೋಣೆಯ ಮನೆಯಲ್ಲಿ ನಾನು ಯಾವ ಕೆರೆ ಕಟ್ಟಿಸಲಿ? ನನ್ನ ಮಗನ ಕಿವಿಯಲ್ಲಿ ಏನು ಹೇಳಲಿ? "ನಲ್ಲಿ ಸರಿಯಾಗಿ ನಿಲ್ಲಿಸು ಮಗಾ" ಎಂಬುದೇ ಬಹುಶಃ ನಮ್ಮ ಕಾಲದ ಮಾತು ಇರಬೇಕು.

ಇಲ್ಲಿ ನಿಮ್ಮಲ್ಲಿ ಒಬ್ಬರು ಕೇಳಬಹುದು. ನಮ್ಮವರೂ ಅದನ್ನೇ ಕೇಳಿದರು. "ನೀನು ಉಳಿಸಿದ 72 ಲೀಟರ್ ಶಹಾಪುರಕ್ಕೆ ವಾಪಸು ಹೋಗುತ್ತದೆಯೇ? ಆ ಅಕ್ಕನ ಓಣಿಗೆ ಹೋಗುತ್ತದೆಯೇ?"

ಹೋಗುವುದಿಲ್ಲ. ಕೊಳವೆಯಲ್ಲಿ ನೀರು ಹಿಂದಕ್ಕೆ ಹರಿಯುವುದಿಲ್ಲ. ಓಣಿಗೆ ನೀರು ಬರಬೇಕಾದರೆ ಅಲ್ಲಿಗೆ ಕೊಳವೆ ಬೇಕು, ಕೊಳವೆಗೆ ಅನುಮತಿ ಬೇಕು. 2014ರ ಡಿಸೆಂಬರಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ನೀರಿನ ಹಕ್ಕು ಬದುಕುವ ಹಕ್ಕಿನ ಭಾಗ, ಅನಧಿಕೃತ ಗುಡಿಸಲುಗಳಲ್ಲಿ ಇರುವವರಿಗೂ ಅದನ್ನು ನಿರಾಕರಿಸುವಂತಿಲ್ಲ ಎಂದು ಹೇಳಿತು. ಆ ಮಾತು ಎಲ್ಲ ಓಣಿಗಳಲ್ಲೂ ಪೂರ್ತಿ ಜಾರಿಗೆ ಬರುವುದು ಸರ್ಕಾರದ, ಪಾಲಿಕೆಯ ಕೆಲಸ. ನನ್ನ ನಲ್ಲಿಯ ವಾಶರ್ ಬದಲಾಯಿಸಿದ್ದರಿಂದ ಆ ಕೆಲಸ ಆಗಿಬಿಡುವುದಿಲ್ಲ. ಇದನ್ನು ನಾವು ಪ್ರಾಮಾಣಿಕವಾಗಿ ಒಪ್ಪಬೇಕು.

ಆದರೂ ಲೆಕ್ಕದಲ್ಲಿ ಇನ್ನೊಂದು ಪುಟ ಇದೆ. 2024ರಲ್ಲಿ ಸರೋವರಗಳು ತಳ ಕಂಡಾಗ ಪಾಲಿಕೆ ಮೇ 30ರಿಂದ ಶೇಕಡಾ 5, ಜೂನ್ 5ರಿಂದ ಶೇಕಡಾ 10ರಷ್ಟು ನೀರು ಕಡಿತ ಮಾಡಿತು. ಕಡಿತ ಎಲ್ಲರಿಗೂ ಒಂದೇ ಎಂದು ಕಾಗದದಲ್ಲಿ ಇರುತ್ತದೆ. ನೆಲದಡಿ ದೊಡ್ಡ ಟಾಕಿ ಇರುವ ನಮ್ಮ ಸೊಸೈಟಿಗೆ ಅದು ಗೊತ್ತೇ ಆಗಲಿಲ್ಲ. ಕೊಳವೆಯ ಕೊನೆಯಲ್ಲಿರುವವರಿಗೆ ಒತ್ತಡ ಇಳಿದರೆ ನಲ್ಲಿಯಲ್ಲಿ ಗಾಳಿ ಮಾತ್ರ ಬರುತ್ತದೆ. ಇನ್ನು ನಗರ "ಇನ್ನೂ ಬೇಕು" ಎಂದಾಗಲೆಲ್ಲ ಇನ್ನೊಂದು ಕಣಿವೆಯ ಮೇಲೆ ಕಣ್ಣು ಬೀಳುತ್ತದೆ. ಪಾಲಘರ್ ಜಿಲ್ಲೆಯ ಗಾರ್ಗಾಯಿ ನದಿಗೆ ಅಣೆಕಟ್ಟು ಕಟ್ಟುವ ಯೋಜನೆ ಬಹಳ ವರ್ಷಗಳಿಂದ ಬಂದದ್ದು. ಕಟ್ಟಿದರೆ ಮುಳುಗುವುದು ತಾನ್ಸಾ ಅಭಯಾರಣ್ಯದ ಕಾಡು ಮತ್ತು ಕೆಲವು ಹಳ್ಳಿಗಳು. ನಗರಕ್ಕೆ ನೀರು ಬೇಡವೇ ಎಂದು ಕೇಳಿದರೆ ಬೇಕು ಎಂದೇ ನಾನೂ ಹೇಳುತ್ತೇನೆ. ಆದರೆ ಇರುವ ನೀರನ್ನು ಮೋರಿಗೆ ಬಿಟ್ಟು ಇನ್ನೊಬ್ಬರ ಊರು ಮುಳುಗಿಸಿ ಎಂದು ಯಾವ ಬಾಯಲ್ಲಿ ಕೇಳಲಿ? ನಾನು ಉಳಿಸುವ ನೀರು ಶಹಾಪುರಕ್ಕೆ ಹೋಗದಿರಬಹುದು. ಮುಂದಿನ ಶಹಾಪುರ ಆಗದಂತೆ ಅದು ಸ್ವಲ್ಪ ತಡೆಯಬಹುದು.

ಸರಿ, ಆಮೇಲೆ ಏನು ಮಾಡಿದೆ ಎಂದು ಹೇಳುತ್ತೇನೆ. ದೊಡ್ಡ ಸಾಧನೆ ಏನೂ ಅಲ್ಲ.

ಮೊದಲು ನಲ್ಲಿ. ಪ್ಲಂಬರಿಗಾಗಿ ಕಾಯಲಿಲ್ಲ. ಬಚ್ಚಲಿನ ವಾಲ್ವ್ ಬಂದ್ ಮಾಡಿ, ಪಕ್ಕದ ಮನೆಯ ಮಾಮರಿಂದ ಪಾನಾ ತಂದು ನಾನೇ ಬಿಚ್ಚಿದೆ. ಒಳಗಿನ ರಬ್ಬರ್ ವಾಶರ್ ಸವೆದು ಚಪ್ಪಟೆಯಾಗಿತ್ತು. ಕೆಳಗಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಹೊಸದಕ್ಕೆ ಹತ್ತು ರೂಪಾಯಿ. ಕಾಲು ಗಂಟೆಯ ಕೆಲಸ. ಆರು ವಾರ ಮುಂದೂಡಿದ್ದು ಕಾಲು ಗಂಟೆಯ ಕೆಲಸವನ್ನು! ನಾಚಿಕೆಯಾಯಿತು.

ಎರಡನೆಯದು ಶೌಚದ ಫ್ಲಶ್ ಟಾಕಿ. ಅದು ಸೋರಿದರೆ ಸದ್ದೂ ಬರುವುದಿಲ್ಲ. ಒಂದು ಉಪಾಯ ಇದೆ, ಬರೆದುಕೊಳ್ಳಿ. ತಿಂಡಿಗೆ ಹಾಕುವ ಬಣ್ಣವನ್ನು ಸ್ವಲ್ಪ ಟಾಕಿಯ ನೀರಿಗೆ ಬೆರೆಸಿ, ಫ್ಲಶ್ ಮಾಡದೆ ಅರ್ಧ ಗಂಟೆ ಬಿಡಿ. ಕೆಳಗೆ ಬಣ್ಣ ಕಂಡರೆ ಸೋರುತ್ತಿದೆ ಎಂದೇ ಅರ್ಥ. ನಮ್ಮಲ್ಲಿ ಬಣ್ಣ ಕಾಣಲಿಲ್ಲ. ಪುಣ್ಯ.

ಮೂರನೆಯದು ಶವರ್. ಮಗನಿಗೆ ಎಂಟು ವರ್ಷ, ಅವನಿಗೆ ಇದೆಲ್ಲ ಆಟ. ಶವರಿನ ಕೆಳಗೆ ಬಕೆಟ್ ಇಟ್ಟು ಅವನೇ ಸಮಯ ನೋಡಿದ. 15 ಲೀಟರಿನ ಬಕೆಟ್ ಎರಡು ನಿಮಿಷಕ್ಕೆ ತುಂಬಿತು. ಅವರಪ್ಪ ಎಂಟು ನಿಮಿಷ ಶವರಿನಡಿ ನಿಲ್ಲುವವರು. "ಅಪ್ಪಾ, ನಾಲ್ಕು ಬಕೆಟ್!" ಎಂದ. ಅಪ್ಪ ಮರುದಿನದಿಂದ ಒಂದು ಬಕೆಟಿಗೆ ಇಳಿದರು. ನಾನು ಹೇಳಿದ್ದರೆ ಇಳಿಯುತ್ತಿರಲಿಲ್ಲ ಬಿಡಿ.

ನಾಲ್ಕನೆಯದರಲ್ಲಿ ಸೋತೆ. ನಮ್ಮ ಮನೆಯಲ್ಲಿ ಆರ್.ಓ. ಶುದ್ಧೀಕರಣ ಯಂತ್ರ ಇದೆ. ಒಂದು ಲೀಟರ್ ಶುದ್ಧ ನೀರು ಕೊಡಲು ಅದು ಅದಕ್ಕಿಂತ ಹೆಚ್ಚು ನೀರನ್ನು ಹೊರಗೆ ಬಿಡುತ್ತದೆ. ಆ ನೀರನ್ನು ನೆಲ ಒರೆಸಲು ಬಳಸೋಣ ಎಂದು ಡ್ರಮ್ಮಿನಲ್ಲಿ ಹಿಡಿದಿಟ್ಟೆ. ಎರಡು ವಾರ ಉತ್ಸಾಹ. ಆಮೇಲೆ ಮುಚ್ಚಳ ಹಾಕುವುದು ಮರೆತು, ಹಲವು ದಿನ ಹಾಗೇ ಬಿಟ್ಟು, ಅದರಲ್ಲಿ ಸೊಳ್ಳೆಯ ಮರಿಗಳು ಆಡುವುದನ್ನು ಮಗನೇ ತೋರಿಸಿದ. ನೀರು ಉಳಿಸಲು ಹೋಗಿ ಡೆಂಗಿ ತರುವುದು ಬೇಡ. ಈಗ ಚಿಕ್ಕ ಬಕೆಟಿನಲ್ಲಿ ಹಿಡಿದು ಅಂದಂದಿನದನ್ನು ಅಂದೇ ಖಾಲಿ ಮಾಡುತ್ತೇವೆ. ನೀವೂ ಹಿಡಿದಿಟ್ಟರೆ ಮುಚ್ಚಿಡಿ.

ಐದನೆಯದು ನನಗೆ ಎಲ್ಲಕ್ಕಿಂತ ಕಷ್ಟವಾಯಿತು. ನಮ್ಮ ಕಟ್ಟಡದ ಮೇಲಿನ ಟಾಕಿ ದಿನವೂ ಬೆಳಿಗ್ಗೆ ತುಂಬಿ ಹರಿಯುತ್ತಿತ್ತು. ಏಳು ಮಹಡಿಯ ಮೇಲಿಂದ ಸುರಿಯುವ ಆ ನೀರಿನ ಸದ್ದು ಎಲ್ಲರಿಗೂ ಕೇಳುತ್ತಿತ್ತು. ಯಾರೂ ಮಾತಾಡುತ್ತಿರಲಿಲ್ಲ. ನಾನೂ ಅಷ್ಟೇ. ಮನೆಯ ನಲ್ಲಿ ನನ್ನದು, ಟಾಕಿ ಸೊಸೈಟಿಯದ್ದು, ಊರ ಉಸಾಬರಿ ನನಗೇಕೆ? ಹತ್ತು ಜನರ ನಡುವೆ ಎದ್ದು ನಿಂತು ಮಾತಾಡುವುದೆಂದರೆ, ಮೈಕಿನ ಮುಂದೆ ಇಷ್ಟು ಮಾತಾಡುವ ನನಗೂ ಕಾಲು ನಡುಗುತ್ತದೆ. ಆದರೂ ಸೊಸೈಟಿ ಮೀಟಿಂಗಿನಲ್ಲಿ ಹೇಳಿದೆ. "ವಾಚ್‌ಮನ್ ಪಂಪ್ ಬಂದ್ ಮಾಡಲು ಮರೆಯುತ್ತಾನೆ, ಅವನನ್ನೇ ಬದಲಾಯಿಸೋಣ" ಎಂದರು ಒಬ್ಬರು. ವಾಚ್‌ಮನ್‌ನನ್ನು ಕರೆದು ಕೇಳಿದಾಗ ಗೊತ್ತಾದದ್ದು ಬೇರೆಯೇ. ಪಂಪಿನ ಸ್ವಿಚ್ ಕೆಳಗಡೆ, ಟಾಕಿ ಮೇಲುಗಡೆ. ಟಾಕಿ ತುಂಬಿತೋ ಇಲ್ಲವೋ ಎಂದು ಅವನಿಗೆ ತಿಳಿಯುವುದೇ ನೀರು ಕೆಳಗೆ ಸುರಿದಾಗ! ಅವನ ಕೈಯಲ್ಲೂ ಹಗ್ಗವಿರಲಿಲ್ಲ ನೋಡಿ. ನೀರು ತುಂಬಿದ ಕೂಡಲೇ ಪಂಪ್ ತಾನಾಗಿ ನಿಲ್ಲುವ ಫ್ಲೋಟ್ ಸ್ವಿಚ್ ಒಂದನ್ನು ಹಾಕಿಸಿದೆವು. ಖರ್ಚನ್ನು ಮನೆಗಳ ಮೇಲೆ ಹಂಚಿದಾಗ ಒಬ್ಬೊಬ್ಬರಿಗೆ ಬಂದದ್ದು ಒಂದು ಊಟದಷ್ಟು ಹಣ. ಒಬ್ಬ ಬಡವನ ಕೆಲಸ ಉಳಿಯಿತು, ನೀರೂ ಉಳಿಯಿತು.

ಈ ಎಲ್ಲದರಿಂದ ನಾನು ಬದಲಾದೆನೇ? ಪೂರ್ತಿ ಬದಲಾದೆ ಎಂದರೆ ಅದು ಇನ್ನೊಂದು ಪುರಾಣವಾದೀತು. ಈಗಲೂ ಅವಸರದಲ್ಲಿ ನಲ್ಲಿ ಬಿಟ್ಟುಕೊಂಡೇ ಹಲ್ಲು ಉಜ್ಜುವ ದಿನಗಳಿವೆ. ಅತಿಥಿಗಳಿಗೆ ತುಂಬಿದ ಲೋಟ ಕೊಟ್ಟು ಉಳಿದದ್ದನ್ನು ಸಿಂಕಿಗೆ ಸುರಿದದ್ದೂ ಇದೆ. ಆದರೆ ಈಗ ಸುರಿಯುವಾಗ ಗೊತ್ತಾಗುತ್ತದೆ. ಅಜ್ಜಿ ಹೇಳಿದ ತೂಕ ಅಂಗೈಗೆ ಒಮ್ಮೊಮ್ಮೆ ತಾಗುತ್ತದೆ. ತನ್ನನ್ನು ತಿದ್ದಿಕೊಳ್ಳುವುದು ಎಂದರೆ ನನ್ನ ಪಾಲಿಗೆ ಇಷ್ಟೇ. ಕಾಣದೇ ಇದ್ದದ್ದು ಕಾಣುವುದು, ಕಂಡ ಮೇಲೆ ಭಾನುವಾರಕ್ಕೆ ಮುಂದೂಡದೇ ಇರುವುದು. ಹಣವನ್ನು ನೀರಿನಂತೆ ಖರ್ಚು ಮಾಡಿದ ಎಂದು ನಾವು ಕನ್ನಡದಲ್ಲಿ ಬೈಯುತ್ತೇವೆ. ನೀರನ್ನು ಹಣದಂತೆ ಖರ್ಚು ಮಾಡಿದ ಎಂದು ಹೊಗಳುವ ಕಾಲ ಬರಲಿ.

ಇನ್ನು ಆ ಅಕ್ಕ. ವಾಶರ್ ಹಾಕಿದ ಮರುದಿನ ಅವರು ಬಚ್ಚಲಿಗೆ ಹೋದರು. ನಾನು ಅಡುಗೆಮನೆಯಲ್ಲೇ ಕಿವಿ ನೆಟ್ಟು ನಿಂತಿದ್ದೆ, ಶಾಲೆಯ ಹುಡುಗಿಯ ಹಾಗೆ. ನಲ್ಲಿಯ ಕೆಳಗಿನ ಬಕೆಟ್ ಒಣಗಿತ್ತು. ಅವರು ಅದನ್ನು ಎತ್ತಿ, ಬೋರಲು ಹಾಕಿ, "ಛಲೋ ಆತ್ರಿ ಅಕ್ಕಾರ" ಎಂದರು. ನನಗೆ ಬಂದ ಯಾವ ಫೋನೂ, ಯಾವ ಮೆಚ್ಚುಗೆಯ ಪತ್ರವೂ ಅಷ್ಟು ಸಂತೋಷ ಕೊಟ್ಟಿರಲಿಲ್ಲ. ಆದರೆ ಅವರ ಓಣಿಯಲ್ಲಿ ಇಂದಿಗೂ ನೀರು ಬರುವುದು ಬೆಳಗಿನ ಜಾವ ನಾಲ್ಕೂವರೆಗೇ. ನೀರು ತಡವಾದ ದಿನ ಅವರು ಕೆಲಸಕ್ಕೂ ತಡವಾಗಿ ಬರುತ್ತಾರೆ. ಮೊದಲಾದರೆ ನಾನು ಗಡಿಯಾರ ನೋಡಿ ಮುಖ ಗಂಟು ಹಾಕುತ್ತಿದ್ದೆ. ಈಗ "ನೀರು ಬಂತೇ ಅಕ್ಕಾ?" ಎಂದು ಮೊದಲು ಕೇಳುತ್ತೇನೆ.

ಕೇಳುಗರೇ, ಇಂದಿನ ಮಾತು ಮುಗಿಸುವ ಮುನ್ನ ಒಂದು ಕೋರಿಕೆ. ಯಾವ ಉದ್ಘೋಷಕಿಯೂ ಕೇಳಬಾರದ ಕೋರಿಕೆ ಇದು. ಈ ಕಾರ್ಯಕ್ರಮ ಮುಗಿದ ಮೇಲೆ ರೇಡಿಯೋ ಆರಿಸಿಬಿಡಿ. ಟಿ.ವಿ. ಹಾಕಬೇಡಿ. ಫ್ಯಾನನ್ನೂ ಒಂದು ನಿಮಿಷ ನಿಲ್ಲಿಸಿ. ಸುಮ್ಮನೆ ನಿಂತು ನಿಮ್ಮ ಮನೆಯನ್ನು ಕೇಳಿ. ಎಲ್ಲೋ ತೊಟ ತೊಟ ಎನ್ನುತ್ತಿದ್ದರೆ ಒಂದು ಬಾಟಲಿ ಹಿಡಿದು ಗಡಿಯಾರ ನೋಡಿ. ನಿಮ್ಮ ಹಗ್ಗ ಎಷ್ಟು ಉದ್ದ ಎಂದು ನಮಗೆ ಬರೆದು ತಿಳಿಸಿ. ಬಂದ ಪತ್ರಗಳನ್ನು ಮುಂದಿನ ತಿಂಗಳು ಇದೇ ಹೊತ್ತಿಗೆ ಓದೋಣ.

ನಮಸ್ಕಾರ.